ಮೂರನೆಯ ರೈಫಲ್ ಆರಿಸಿದ ಬಗೆ

ನಮ್ಮ ಶೂಟಿಂಗ್ ಕ್ಲಬ್ಬಿಗೆ ಹಣ ಕೊಡುವ ಸಾಹುಕಾರರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಮೂರರಲ್ಲಿ ಯಾವುದು? ಉತ್ತರಕ್ಕೆ ಆರು ದಿನ ಇತ್ತು. ನಾನು ಮೂರನೆಯ ದಿನವೇ ಉತ್ತರ ಹೇಳಿದೆ, ಸಭೆಯಲ್ಲಿ ಎಲ್ಲರನ್ನೂ ಒಪ್ಪಿಸಿದೆ. ಆ ಉತ್ತರ ತಪ್ಪಾಗಿತ್ತು. ಅದು ಹೇಗೆ ತಪ್ಪಾಯಿತು, ಅದನ್ನು ಹೇಗೆ ಹಿಂದಕ್ಕೆ ತೆಗೆದುಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ರೈಫಲ್ ಕೊಳ್ಳಲು ಹೊರಟವರು ಓದುವ ಹೋಲಿಕೆ ಪಟ್ಟಿಗಳಲ್ಲಿ ತೂಕ ಇರುತ್ತದೆ, ನಳಿಗೆಯ ಉದ್ದ ಇರುತ್ತದೆ, ಈ ಸಂಗತಿ ಮಾತ್ರ ಇರುವುದಿಲ್ಲ.

ನಮ್ಮ ಕ್ಲಬ್ಬಿನ ರೇಂಜು ಇರುವುದು ಗಂಗಾವತಿಯಲ್ಲಿ, ಸಾಹುಕಾರರ ಹಳೆಯ ರೈಸ್‌ಮಿಲ್ಲಿನ ಗೋದಾಮಿನಲ್ಲಿ. ಹತ್ತು ಮೀಟರ್ ಅಳೆದು ಗೆರೆ ಹಾಕಿ ಐದು ಲೇನು ಮಾಡಿದ್ದೇವೆ. ಪಕ್ಕದ ಮಿಲ್ಲು ನಡೆಯುವಾಗ ಹೊಟ್ಟಿನ ಧೂಳು ಸಂದಿಯಲ್ಲಿ ಒಳಗೆ ಬರುತ್ತದೆ, ಆಗ ರೈಫಲ್ಲುಗಳಿಗೆ ಬಟ್ಟೆ ಹೊದಿಸುತ್ತೇವೆ. ನಾನು ಅಲ್ಲಿ ಸಹಾಯಕ ತರಬೇತುದಾರಳು. ನನ್ನ ಮೇಲಿರುವವರು ಕಾರ್ಯದರ್ಶಿಗಳಾದ ನಿವೃತ್ತ ಪಿ.ಟಿ. ಮಾಸ್ತರರು. ಯಲಬುರ್ಗಾದಲ್ಲಿ ಓದುವಾಗ ನಾನು ಐದು ವರ್ಷ ಚರ್ಚಾಕೂಟದಲ್ಲಿದ್ದವಳು. ವಿಷಯದ ಪರವಾಗಿಯೂ ವಿರುದ್ಧವಾಗಿಯೂ ಒಂದೇ ಬಿರುಸಿನಲ್ಲಿ ಮಾತಾಡಬಲ್ಲೆ. ಮಾಸ್ತರರಿಗೆ ಇದು ಗುಣವಾಗಿ ಕಂಡದ್ದಕ್ಕಿಂತ ಕಾಯಿಲೆಯಾಗಿ ಕಂಡದ್ದೇ ಹೆಚ್ಚು.

ರೈಫಲ್ ಬೇಕಾಗಿದ್ದದ್ದು ಒಬ್ಬ ಹುಡುಗಿಗಾಗಿ. ಕುಕನೂರಿನವಳು, ಗಂಗಾವತಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಮೂರು ವರ್ಷದಿಂದ ಕ್ಲಬ್ಬಿನ ಹಳೆಯ ರೈಫಲ್ಲಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಜೂನಿಯರ್ ವಿಭಾಗದಲ್ಲಿ ಅವಳಿಗೆ ಅದು ಕಡೆಯ ವರ್ಷ. ರಾಜ್ಯ ಪಂದ್ಯದಲ್ಲಿ ಅರ್ಹತಾ ಅಂಕ ದಾಟಿದರೆ ರಾಷ್ಟ್ರೀಯ ಸುತ್ತು. ಇಲ್ಲದಿದ್ದರೆ ಮುಂದಿನ ವರ್ಷದಿಂದ ದೊಡ್ಡವರ ಜೊತೆ ಹೊಸದಾಗಿ ಶುರು ಮಾಡಬೇಕು. ಅಲ್ಲಿಯವರೆಗೆ ಮನೆಯವರು ಕಾಯುತ್ತಾರೆಂದು ಅವಳೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ. ಹಿಂದಿನ ವರ್ಷ ಆರು ಅಂಕ ಕಡಿಮೆ ಬಿದ್ದಿತ್ತು. ಈ ವರ್ಷದ ಪಂದ್ಯಕ್ಕೆ ನಾಲ್ಕು ತಿಂಗಳು ಚಿಲ್ಲರೆ ಉಳಿದಿತ್ತು.

ಆರು ಅಂಕ ಎಲ್ಲಿ ಸೋರುತ್ತಿದೆ ಎಂಬುದು ನನ್ನ ಪುಸ್ತಕದಲ್ಲಿತ್ತು. ಏರ್ ರೈಫಲ್ ಪಂದ್ಯವೆಂದರೆ ಅರವತ್ತು ಗುಂಡು, ಹತ್ತರ ಆರು ಸರಣಿ, ಎಲ್ಲವೂ ನಿಂತೇ. ಅವಳ ಮೊದಲ ಮೂರು ಸರಣಿಗಳನ್ನು ನೋಡಿದರೆ ರಾಜ್ಯದ ಮೊದಲ ಐದರಲ್ಲಿ ನಿಲ್ಲುವ ಹುಡುಗಿ. ನಾಲ್ಕನೆಯದರಿಂದ ಇಳಿಜಾರು. ಆರನೆಯದರಲ್ಲಿ ಬೇರೆ ಯಾರೋ ಬಂದು ಹೊಡೆದಂತಿರುತ್ತಿತ್ತು. ಸಿಲಿಂಡರಿನ ಗಾಳಿ ಕಡಿಮೆಯಾದಂತೆ ಗುಂಡಿನ ವೇಗ ಬದಲಾಗುತ್ತಿದೆ ಎಂದು ನಾನು ವಾದಿಸಿದೆ. ಗಾಳಿಯ ಒತ್ತಡವನ್ನು ಸಮವಾಗಿಡುವ ರೆಗ್ಯುಲೇಟರ್ ಹಳೆಯ ರೈಫಲ್ಲಿನಲ್ಲಿ ಸವೆದಿದೆ, ಅದಕ್ಕೇ ಕಡೆಯ ಮೂವತ್ತು ಗುಂಡು ಚದುರುತ್ತವೆ. ಕೇಳುವವರಿಗೆ ಇದು ಎಷ್ಟು ಸರಿ ಎನಿಸಿತೆಂದರೆ ಸಾಹುಕಾರರು ಹೊಸ ರೈಫಲ್ ಕೊಡಿಸಲು ಒಪ್ಪಿದರು.

ಗುರುವಾರ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಮೂರು ಪೆಟ್ಟಿಗೆ ತಂದಿಳಿಸಿದರು. ಬುಧವಾರ ಮತ್ತೆ ಬರುತ್ತೇನೆ, ಒಂದನ್ನು ಇಟ್ಟುಕೊಂಡು ಎರಡನ್ನು ವಾಪಸ್ ಕೊಡಿ, ಒಮ್ಮೆ ನಿಮ್ಮ ಹೆಸರಿಗೆ ಬಿದ್ದ ಮೇಲೆ ಬದಲಿ ಇಲ್ಲ ಎಂದು ಮೊದಲೇ ಹೇಳಿದರು. ಮೊದಲನೆಯದು ಮರದ ಹಿಂಭಾಗದ್ದು, ನೋಡಲು ಬಹಳ ಚೆಂದ. ಎರಡನೆಯದು ಭಾರದ್ದು, ಹೆಸರಾಂತ ತಯಾರಿಕೆಯದು, ಟ್ರಿಗರ್ ಬೆಣ್ಣೆಯ ಹಾಗೆ. ಮೂರನೆಯದು ಬರೀ ಲೋಹದ ಚೌಕಟ್ಟು, ಎಲ್ಲೆಂದರಲ್ಲಿ ಸ್ಕ್ರೂ. ಮಾಸ್ತರರು ಅದನ್ನು ಎತ್ತಿ ನೋಡಿ, ಸೈಕಲ್ ಹ್ಯಾಂಡಲ್ ಇದ್ದಂಗೈತಿ ಎಂದು ಕೆಳಗಿಟ್ಟರು.

ಹುರುಳಿಲ್ಲದ ಅಭಿಪ್ರಾಯಗಳಿಗೆ ನಾನು ಬೆಲೆ ಕೊಡುವವಳಲ್ಲ. ಗೋದಾಮಿನ ಮೂಲೆಯಲ್ಲಿ ಹಿಂದೆ ಭತ್ತ ಸುಲಿಯುವ ಯಂತ್ರ ಕೂತಿದ್ದ ಕಾಂಕ್ರೀಟ್ ಕಟ್ಟೆ ಇದೆ. ಅದರ ಮೇಲೆ ವೈಸ್ ಎಂಬ ಇಕ್ಕಳ ಬಿಗಿದು, ಮೂರೂ ರೈಫಲ್ಲುಗಳನ್ನು ಒಂದಾದ ಮೇಲೊಂದು ಕಚ್ಚಿಸಿ, ನಾಲ್ಕು ಬಗೆಯ ಪೆಲೆಟ್ಟುಗಳಲ್ಲಿ ಐದೈದು ಗುಂಡಿನ ಗುಂಪು ಹೊಡೆದೆ. ಪ್ರತಿ ಗುಂಪಿನ ತೂತನ್ನು ವರ್ನಿಯರ್‌ನಲ್ಲಿ ಅಳೆದೆ. ಎರಡು ದಿನ ಹಿಡಿಯಿತು. ಮೂರೂ ಒಂದೇ ತೂತಿನಲ್ಲಿ ಐದು ಗುಂಡು ಇಡುತ್ತಿದ್ದವು. ವ್ಯತ್ಯಾಸ ಕೂದಲೆಳೆಯಷ್ಟು, ಆ ಎಳೆಯಲ್ಲಿ ಎರಡನೆಯದು ಮುಂದಿತ್ತು, ಮೂರನೆಯದು ಎಲ್ಲಕ್ಕಿಂತ ಹಿಂದೆ. ಶನಿವಾರ ಬೆಳಗಿನ ಸಭೆಯಲ್ಲಿ ಮಾಸ್ತರರು ಮರದ್ದನ್ನು ಹಿಡಿದು ನಿಂತರು. ನಾನು ಅಳತೆಯ ಹಾಳೆಗಳನ್ನು ಮೇಜಿನ ಮೇಲೆ ಹರವಿದೆ. ಇಪ್ಪತ್ತು ನಿಮಿಷದಲ್ಲಿ ಎರಡನೆಯದು ಎಂದು ತೀರ್ಮಾನವಾಯಿತು. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅವಳ ಕೈಯಲ್ಲಿ ಮೂರನ್ನೂ ಹೊಡೆಸಿ ನೋಡಿದ್ದು ಸಭೆ ಮುಗಿದ ಮೇಲೆ, ಬರೀ ಶಾಸ್ತ್ರಕ್ಕೆ. ಅವತ್ತು ಮಧ್ಯಾಹ್ನ ಒಂದೊಂದರಲ್ಲಿ ಪೂರ್ತಿ ಪಂದ್ಯಕ್ಕೆ ಸಮಯವಿರಲಿಲ್ಲವಾದ್ದರಿಂದ ಎರಡನೆಯದರಲ್ಲಿ ಮಾತ್ರ ಅರವತ್ತು, ಉಳಿದವುಗಳಲ್ಲಿ ಅದರ ಮುಂದುವರಿಕೆಯಾಗಿ ಇಪ್ಪತ್ತಿಪ್ಪತ್ತು. ಎರಡನೆಯದರಲ್ಲಿ ಮೊದಲ ಮೂರು ಸರಣಿ ಅದ್ಭುತ. ನಾಲ್ಕನೆಯದರಿಂದ ಅದೇ ಇಳಿಜಾರು. ರೆಗ್ಯುಲೇಟರ್ ಹೊಚ್ಚ ಹೊಸದು. ಗಾಳಿಯ ಒತ್ತಡದ ಮುಳ್ಳು ಅಲ್ಲಾಡದೆ ನಿಂತಿತ್ತು. ಹೊಸ ರೈಫಲ್ಲಿನ ಭಾರಕ್ಕೆ ಮೈ ಒಗ್ಗಿಲ್ಲ ಎಂದು ನಾನು ಕೂಡಲೇ ವಿವರಣೆ ಕೊಟ್ಟೆ. ಮಾಸ್ತರರು ನನ್ನನ್ನೇ ನೋಡಿದರು.

"ಮೊದಲ ಬಂದೂಕ ಹಳೇದು ಅಂದಿ, ಈಗ ಹೊಸದು ಅಂತಿ. ಯಾವುದರ ಒಂದ ಅನ್ನವ್ವಾ."

ಅದಕ್ಕೆ ನನ್ನ ಬಳಿ ಉತ್ತರವಿತ್ತು, ಹೇಳಿದೆ ಕೂಡ. ಆದರೆ ಹೇಳುತ್ತಿರುವಾಗಲೇ ಅದು ಚರ್ಚಾಕೂಟದಲ್ಲಿ ಗಂಟೆ ಬಾರಿಸುವ ಮುಂಚಿನ ಅರ್ಧ ನಿಮಿಷ ತುಂಬಲು ಆಡುವ ಮಾತೆಂದು ನನಗೇ ಗೊತ್ತಾಯಿತು. ಬೇರೆ ಬೇರೆ ಎರಡು ರೈಫಲ್ಲಿನಲ್ಲಿ ಒಂದೇ ಇಳಿಜಾರು ಬಂದರೆ ಕಾರಣ ರೈಫಲ್ಲಿನಲ್ಲಿ ಇರಲಾರದು. ಮೊದಲು ಅವಳ ಕೈಯಲ್ಲೇ ಹೊಡೆಸಿ ನೋಡಬೇಕೆಂಬ ಸರಳ ಸಂಗತಿ ನನಗೆ ಮೂರು ದಿನ ಹೊಳೆಯಲಿಲ್ಲ, ಏಕೆಂದರೆ ಗೆಲ್ಲಬೇಕಾದ ಸಭೆಯೊಂದು ಮುಂದಿತ್ತು.

ಇನ್ನೂ ಒಂದು ಕೆಲಸ ಬಾಕಿ ಇತ್ತು. ರೈಫಲ್ಲಿನ ಹಿಂಬದಿಯ ಪಟ್ಟಿ ಭುಜಕ್ಕೆ ಸರಿಯಾಗಿ ಕೂರಲು ತೋಳಿನ ಉದ್ದ, ಕತ್ತಿನ ಎತ್ತರ, ಭುಜದ ಓರೆ ಬೇಕು; ಜೋಡಣೆ ತುಂಡುಗಳನ್ನು ವ್ಯಾಪಾರಿ ಬುಧವಾರ ತರುವವರಿದ್ದರು. ನಾನು ಟೇಪು ಹುಡುಕುತ್ತಿದ್ದಾಗ ಹುಡುಗಿ, ನಮ್ಮ ಅಬ್ಬಾ ದರ್ಜಿ ಅದಾರ್ರಿ ಮೇಡಂ, ನನ್ನ ಅಳತಿ ಅವರ ಕಡೆನ ಐತಿ ಎಂದಳು. ಭಾನುವಾರ ಅವಳು ಮನೆಗೆ ಹೋಗುವ ಬಸ್ಸಿನಲ್ಲೇ ನಾನೂ ಹೊರಟೆ. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಕುಕನೂರು ಮುಟ್ಟುವಾಗ ಹನ್ನೊಂದಾಗಿತ್ತು.

ಅಂಗಡಿ ಸಂತೆ ಬೀದಿಯಲ್ಲಿ, ಒಂದು ಮಷಿನ್ನು, ಒಂದು ಕತ್ತರಿಸುವ ಹಲಗೆ. ತಂದೆ ಮಗಳನ್ನು ನಿಲ್ಲಿಸಿ ಕುರ್ತಾಗೆ ಅಳೆದಂತೆ ಅಳೆದರು. ನಾನು ಬರೆದುಕೊಂಡೆ. ಭುಜಕ್ಕೆ ಬಂದಾಗ ಅವರು ಟೇಪು ಇಳಿಬಿಟ್ಟು, ಬಲಭುಜ ಮೊದಲು ಹೀಂಗ ಎತ್ತಿರಲಿಲ್ಲ, ಈ ಮೂರು ವರ್ಷದಾಗ ಆಗೇತಿ ಎಂದರು. ರೈಫಲ್ಲಿನ ಕಡೆಗೆ ಕತ್ತು ಚಾಚಿ ಚಾಚಿ ಹಾಗಾಗಿರಬಹುದೆಂದು ನಾನು ಬರೆದುಕೊಂಡೆ. ಅಳತೆ ಮುಗಿಸಿ ಅವರು ಹೊಲಿಯಲು ಕೂತಾಗ ಮಷಿನ್ನಿನ ದಾರ ಹರಿಯಿತು. ಅವರಿಗೆ ಹತ್ತಿರದ್ದು ಕಾಣುವುದು ಕಡಿಮೆ. ಅಭ್ಯಾಸವೆಂಬಂತೆ ಮಗಳತ್ತ ನೋಡಿದರು. ಅವಳು ಮಷಿನ್ನಿಗೆ ದಾರ ಪೋಣಿಸಿ, ಕೈಹೊಲಿಗೆಯ ಸೂಜಿಯನ್ನೂ ತೆಗೆದುಕೊಂಡು, ಬೆಳಕಿಗೆ ಹಿಡಿದು, ಬಲಗಣ್ಣು ಮುಚ್ಚಿ ಎಡಗೈಯಿಂದ ದಾರ ತೂರಿಸಿದಳು. ಒಂದೇ ಸಲಕ್ಕೆ.

ಮುಚ್ಚಿದ್ದು ಬಲಗಣ್ಣು. ಮೂರು ವರ್ಷದಿಂದ ನಾವು ಅವಳ ಎಡಗಣ್ಣಿಗೆ ಅಡ್ಡಲಾಗಿ ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಬಲಗಣ್ಣಿನಿಂದ ಗುರಿ ನೋಡಿಸುತ್ತಿದ್ದೆವು.

ಇನ್ನೊಂದು ಸೂಜಿ ಪೋಣಿಸಲು ಹೇಳಿದೆ. ಹಾಗೆಯೇ ಮಾಡಿದಳು. ಅಂಗಡಿಯ ಹೊರಗೆ ನಿಲ್ಲಿಸಿ, ಎರಡೂ ಅಂಗೈ ಮುಂದೆ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಎದುರಿನ ಕಿರಾಣಿ ಅಂಗಡಿಯ ಬೋರ್ಡಿನ ಒಂದಕ್ಷರ ನೋಡಲು ಹೇಳಿದೆ. ಎಡಗಣ್ಣು ಮುಚ್ಚಿದರೆ ಅಕ್ಷರ ಮಾಯವಾಗುತ್ತಿತ್ತು, ಬಲಗಣ್ಣು ಮುಚ್ಚಿದರೆ ಅಲ್ಲೇ ಇರುತ್ತಿತ್ತು. ಐದು ಸಲ ಮಾಡಿಸಿದೆ, ಐದೂ ಸಲ ಹಾಗೆಯೇ. ಅಂದರೆ ಅವಳ ಪ್ರಧಾನ ಕಣ್ಣು, ಗುರಿ ಹಿಡಿಯುವ ಕಣ್ಣು, ಎಡಗಣ್ಣು. ಹೊಸಬರು ರೇಂಜಿಗೆ ಬಂದ ಮೊದಲ ದಿನ ಮಾಡಬೇಕಾದ ಪರೀಕ್ಷೆ ಇದು. ನಾವು ಮಾಡಿರಲಿಲ್ಲ. ಬಲಗೈಯಲ್ಲಿ ಬರೆಯುತ್ತಾಳೆ, ಬಲಗೈಯಲ್ಲಿ ಉಣ್ಣುತ್ತಾಳೆ, ಇನ್ನೇನು ನೋಡುವುದು ಎಂದು ಬಿಟ್ಟಿದ್ದೆವು.

ಇವಳು ಎಡಗೈಯವಳೇ ಎಂದು ತಂದೆಯನ್ನು ಕೇಳಿದೆ. ಅವರು ಹಲಗೆಯ ಮೇಲಿನ ಬಟ್ಟೆ ನೇವರಿಸಿದರು.

"ಸಣ್ಣಾಕಿ ಇದ್ದಾಗ ಎಲ್ಲಾ ಎಡಗೈಲೇನ ಮಾಡ್ತಿದ್ಳರಿ. ಊಟಕ್ಕ ನಮ್ಮ ಅಮ್ಮೀಜಾನ್ ಬಿಡಿಸಿದ್ರು. ಕತ್ರಿ ನಾನ ಬಿಡಿಸಿದೆ. ನಮ್ಮ ಕತ್ರಿ ಎಡಗೈಯಾಗ ಹಿಡಿದ್ರ ಅರಬಿ ಕತ್ತರಿಸಂಗಿಲ್ಲ, ಮಡಚತೈತಿ." ಟೇಪು ಸುತ್ತಿಡುತ್ತ ಕೇಳಿದರು. "ನಾನ ಕೆಡಿಸೀನೇನ್ರಿ ಮೇಡಂ?"

ಕತ್ತರಿಯ ವಿಷಯದಲ್ಲಿ ಅವರು ಮಾಡಿದ್ದು ಸರಿ ಎಂದೆ. ನಮ್ಮ ಕ್ಲಬ್ಬು ಅದನ್ನೇ ಮಾಡಿದ್ದು ತಪ್ಪು. ಇದ್ದದ್ದು ಬಲಗೈ ರೈಫಲ್, ಆದ್ದರಿಂದ ಹುಡುಗಿಯೂ ಬಲಗೈಯವಳು ಎಂದು ನಾವು ಲೆಕ್ಕ ಹಿಡಿದಿದ್ದೆವು.

ಆದರೂ ಸೂಜಿಯನ್ನು ನಂಬಿ ರೈಫಲ್ ಬದಲಿಸುವುದು ಮೂರ್ಖತನ. ಮೊದಲಿನ ಊಹೆ ನೀರಿಗೆ ಹೋಗಿತ್ತು, ಇದೂ ಊಹೆಯೇ. ಸೋಮವಾರ ಅವಳ ಮೈಯನ್ನು ಲೆಕ್ಕದಿಂದ ತೆಗೆದುಹಾಕಿ ಕಣ್ಣನ್ನು ಮಾತ್ರ ಪರೀಕ್ಷಿಸುವ ದಾರಿ ಹುಡುಕಿದೆ. ಕಾಂಕ್ರೀಟ್ ಕಟ್ಟೆಯ ಮೇಲೆ ಭತ್ತದ ಚೀಲ ಇಟ್ಟು, ಅದರ ಮೇಲೆ ರೈಫಲ್ ಒರಗಿಸಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಹೀಗಾದರೆ ಕಾಲು, ಸೊಂಟ, ಭಾರ ಯಾವುದೂ ಅಡ್ಡ ಬರುವುದಿಲ್ಲ. ಇದಕ್ಕೆ ಮೂರನೆಯ ರೈಫಲ್ಲೇ ಬೇಕಾಯಿತು. ಕೆನ್ನೆ ಒರಗಿಸುವ ಪಟ್ಟಿ, ಗುಂಡು ತುಂಬುವ ಲಿವರ್, ಹಿಂಬದಿಯ ಓರೆ, ಎಲ್ಲವನ್ನೂ ಸ್ಕ್ರೂ ಬಿಚ್ಚಿ ಆಚೆ ಬದಿಗೆ ಹಾಕಬಹುದಾಗಿದ್ದದ್ದು ಅದೊಂದರಲ್ಲೇ. ಬೆಳಿಗ್ಗೆ ಬಲಗಣ್ಣಿನಲ್ಲಿ ಅರವತ್ತು. ಕೂತು ಹೊಡೆದರೂ ನಾಲ್ಕನೆಯ ಸರಣಿಯಿಂದ ಅದೇ ಇಳಿಜಾರು. ಆಮೇಲೆ ಕಣ್ಣು ಉಜ್ಜಿಕೊಂಡಳು. ಮಧ್ಯಾಹ್ನ ಎಡಕ್ಕೆ ಬದಲಿಸಿ ಅರವತ್ತು. ಬಲಗೈಗಾಗಿ ಮಾಡಿದ ಹಿಡಿಯನ್ನು ಎಡಗೈಯಲ್ಲಿ ಅಡ್ಡಾದಿಡ್ಡಿ ಹಿಡಿದಿದ್ದಳು, ಬೆಳಗಿನ ದಣಿವೂ ಇತ್ತು. ಅಂದರೆ ನ್ಯಾಯವಾಗಿ ಎಡಗಣ್ಣು ಸೋಲಬೇಕಿತ್ತು. ಆರೂ ಸರಣಿ ಗೆರೆ ಎಳೆದ ಹಾಗೆ ಸಮವಾಗಿ ಬಂದವು. ಕೆಡುತ್ತಿದ್ದದ್ದು ಗಾಳಿಯಲ್ಲ; ಪ್ರಧಾನವಲ್ಲದ ಬಲಗಣ್ಣು ಅರ್ಧ ಪಂದ್ಯಕ್ಕೇ ದಣಿಯುತ್ತಿತ್ತು.

ಸಾಹುಕಾರರಿಗೆ ಫೋನು ಮಾಡಿ ಮಂಗಳವಾರ ಮತ್ತೆ ಸಭೆ ಕರೆಯಬೇಕೆಂದೆ. ನಾನು ಶನಿವಾರ ಆಡಿದ ಮಾತನ್ನು ನಾನೇ ಕೆಡವಬೇಕಿತ್ತು. ಎದುರಾಳಿಯ ವಾದದ ಬಿರುಕುಗಳು ಅಷ್ಟು ಚೆನ್ನಾಗಿ ನನಗೆ ಹಿಂದೆಂದೂ ಗೊತ್ತಿರಲಿಲ್ಲ.

ಮಾಸ್ತರರ ಆಕ್ಷೇಪಗಳು ಗಟ್ಟಿಯಾಗಿದ್ದವು. ಮೂರು ವರ್ಷ ಬಲಕ್ಕೆ ಕಲಿತ ಮೈಯನ್ನು ನಾಲ್ಕು ತಿಂಗಳಲ್ಲಿ ಎಡಕ್ಕೆ ತಿರುಗಿಸುವುದು ಹುಡುಗಾಟವಲ್ಲ. ಹಾಗೇ ಬಿಟ್ಟರೆ ಆರೇ ಅಂಕಕ್ಕೆ ಸೋಲುತ್ತಾಳೆ, ತಿರುಗಿಸಿದರೆ ಐವತ್ತಕ್ಕೆ ಸೋತಾಳು. ಇದ್ದದ್ದೂ ಹೋದರೆ ಅವಳಿಗೆ ಯಾರು ಮುಖ ತೋರಿಸುತ್ತಾರೆ? ಸಾಹುಕಾರರು ಎಲ್ಲ ಕೇಳಿಸಿಕೊಂಡು ನನ್ನತ್ತ ತಿರುಗಿದರು.

"ಮೊನ್ನೆ ನೀವ ಎರಡನೇದ್ದು ಅಂದ್ರಿ, ಇವತ್ತ ನೀವ ಮೂರನೇದ್ದು ಅಂತೀರಿ. ನಿಮ್ಮ ಯಾವ ಮಾತು ಹಿಡೀಬೇಕ್ರಿ ನಾನು?"

"ಮೂರರಾಗ ಯಾವುದು ಛಲೋ ಅಂತ ಕೇಳಿದ್ರಿ, ಅದಕ್ಕ ಉತ್ತರ ಎರಡನೇದ್ದ ಸೈ. ಈಕಿಗೆ ಯಾವುದು ಅಂತ ಯಾರೂ ಕೇಳಿರಲಿಲ್ರಿ. ಕೇಳಬೇಕಾದಾಕಿ ನಾನ. ಕೇಳಲಿಲ್ಲ."

ಸಾಹುಕಾರರು ಹುಡುಗಿಯನ್ನು ಮುಂದೆ ಕರೆದು, ನಿನಗ ಹ್ಯಾಂಗವಾ ಎಂದು ಕೇಳಿದರು. ಅವಳದು ಮಾತು ಕಡಿಮೆ. ಎಡಕ್ಕ ಹೊಡೀತೀನ್ರಿ ಎಂದಳು, ಅಷ್ಟೇ. ವೈಸಿನ ಪರೀಕ್ಷೆಯಲ್ಲಿ ಕಡೆಗೆ ನಿಂತಿದ್ದ ಮೂರನೆಯ ರೈಫಲ್ ನಮ್ಮದಾಯಿತು. ಎಡಗೈಯ ಹಿಡಿ ಬೇರೆಯಾಗಿ ಬರಬೇಕಿತ್ತು, ಮೂರು ವಾರ ಎಂದರು ವ್ಯಾಪಾರಿ. ಬೇರೆ ಮಕ್ಕಳು ಬೇಕಾದರೆ ಬಲಕ್ಕೆ ತಿರುಗಿಸಿಕೊಳ್ಳಬಹುದು ಎಂಬ ಒಂದು ಸಮಾಧಾನ ಮಾಸ್ತರರಿಗೆ ಉಳಿಯಿತು.

ಆ ಮೂರು ವಾರ ಗುಂಡಿಲ್ಲದೆ ನಿಲ್ಲಿಸಿದೆ. ರೈಫಲ್ ಎತ್ತು, ಬಲಮೊಣಕೈ ಸೊಂಟಕ್ಕೆ ಊರು, ಕೆನ್ನೆ ಇಡು, ಉಸಿರು ಬಿಡು, ಇಳಿಸು. ದಿನಕ್ಕೆ ಇನ್ನೂರು ಸಲ. ಹಿಡಿ ಬಂದ ದಿನ ನಿಂತು ಹೊಡೆದ ಮೊದಲ ಗುಂಡು ಕಪ್ಪು ವೃತ್ತದ ಆಚೆ ಬಿಳಿ ಕಾಗದಕ್ಕೆ ಬಿತ್ತು. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಜಾಕೆಟ್ಟಿನದು ಇನ್ನೊಂದು ಸಮಸ್ಯೆ. ದಪ್ಪ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್ಟಿಗೆ ಬಲಭುಜದಲ್ಲೂ ಎಡಮೊಣಕೈಯಲ್ಲೂ ರಬ್ಬರ್ ತೇಪೆ ಇರುತ್ತದೆ. ನಮಗೆ ಅದು ತಿರುವುಮುರುವಾಗಬೇಕಿತ್ತು. ಅವಳ ತಂದೆ ಅದನ್ನು ಬಿಚ್ಚಿ ಮತ್ತೆ ಹೊಲಿಯಲು ಒಂದು ವಾರ ತೆಗೆದುಕೊಂಡರು, ನಾಲ್ಕು ಸೂಜಿ ಮುರಿದವಂತೆ. ನೋಡಲು ಕಂಪನಿಯದೇ ಅನಿಸುವ ಕೆಲಸ. ಆದರೆ ಪಂದ್ಯದ ತಪಾಸಣೆಯಲ್ಲಿ ಜಾಕೆಟ್ಟಿನ ದಪ್ಪವನ್ನೂ ಅಳೆಯುತ್ತಾರೆ. ನಮ್ಮ ಗೇಜು ಹಚ್ಚಿದರೆ ಭುಜದ ಬಳಿ ಮಿತಿ ಮೀರಿತ್ತು. ಬಾಳಿಕೆ ಬರಲೆಂದು ಅವರು ತೇಪೆಯ ಕೆಳಗೆ ಒಂದು ಪದರ ಅಸ್ತರಿ ಕೊಟ್ಟಿದ್ದರು. ಮೂವತ್ತು ವರ್ಷದ ಕಸುಬಿನ ಕೈ, ಕೇಳದೆಯೇ ಕೊಟ್ಟುಬಿಟ್ಟಿತ್ತು. ಮತ್ತೆ ಬಿಚ್ಚಿಸಿದೆ. ಈ ಸಲ ಅವರೇ ಬಸ್ಸಿನಲ್ಲಿ ತಂದು, ಗೇಜು ಹಚ್ಚುವುದನ್ನು ಪಕ್ಕದಲ್ಲಿ ನಿಂತು ನೋಡಿ, ಸರಿಯಾಯಿತೆಂದ ಮೇಲೆ ಹೋದರು.

ಎರಡನೆಯ ತಿಂಗಳ ಕೊನೆಗೂ ಅಂಕ ಹಳೆಯದಕ್ಕಿಂತ ಹನ್ನೊಂದು ಕೆಳಗಿತ್ತು. ವಾಪಸ್ ಬಲಕ್ಕೆ ಹೋಗಲು ಅದೇ ಕಡೆಯ ಅವಕಾಶ. ಪುಸ್ತಕ ತೆಗೆದು ಒಟ್ಟು ಅಂಕಕ್ಕೆ ಕೈ ಮುಚ್ಚಿ ಸರಣಿಗಳನ್ನಷ್ಟೇ ಓದಿದೆ. ಹನ್ನೊಂದು ಅಂಕದ ಕೊರತೆ ಆರೂ ಸರಣಿಯಲ್ಲಿ ಸಮವಾಗಿ ಹಂಚಿತ್ತು. ಇಳಿಜಾರು ಇರಲಿಲ್ಲ. ಇಳಿಜಾರಿಗೆ ಅಭ್ಯಾಸದಿಂದ ಮದ್ದಿಲ್ಲವೆಂದು ಮೂರು ವರ್ಷ ತೋರಿಸಿಕೊಟ್ಟಿತ್ತು. ಸಮನಾದ ಕೊರತೆಗೆ ಇದೆ. ಎಡಕ್ಕೇ ಮುಂದುವರಿಸಿದೆವು. ಮೂರನೆಯ ತಿಂಗಳಿಂದ ವಾರಕ್ಕೆ ಸುಮಾರು ಎರಡರಂತೆ ಅಂಕ ಏರಿತು. ಪಂದ್ಯಕ್ಕೆ ಹತ್ತು ದಿನ ಇರುವಾಗ ಹಳೆಯ ಅಂಕವನ್ನು ದಾಟಿತು, ಅರ್ಹತೆಯ ಗೆರೆಗೆ ಒಂದು ಅಂಕ ಈಚೆ ನಿಂತಿತು.

ಪಂದ್ಯದ ಬೆಳಿಗ್ಗೆ ತಪಾಸಣೆಯಲ್ಲಿ ಜಾಕೆಟ್ಟು ಮೊದಲ ಸಲಕ್ಕೇ ಪಾಸಾಯಿತು. ಹುಡುಗಿ ಲೇನಿಗೆ ಹೋಗಿ ನಿಂತಳು. ಆ ಸಾಲಿನಲ್ಲಿ ಉಳಿದವರೆಲ್ಲ ಒಂದೇ ಕಡೆ ಮುಖ ಮಾಡಿದ್ದರು, ಇವಳೊಬ್ಬಳು ಅವರಿಗೆ ಎದುರಾಗಿ. ಪಕ್ಕದ ಲೇನಿನ ಹುಡುಗಿಯ ಮುಖವನ್ನು ಎಪ್ಪತ್ತೈದು ನಿಮಿಷವೂ ನೋಡುತ್ತ ಹೊಡೆಯಬೇಕು. ಇದನ್ನು ನಾವು ಅಭ್ಯಾಸ ಮಾಡಿಸಿಯೇ ಇರಲಿಲ್ಲ. ನಾನು ಹಿಂದಿನ ಕುರ್ಚಿಯಲ್ಲಿದ್ದೆ. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿಲ್ಲ.

ಮೂರು ಸರಣಿ ಚೆನ್ನಾಗಿ ಹೋದವು. ನಾಲ್ಕನೆಯದರಲ್ಲಿ ಎರಡು ಗುಂಡು ಒಂಬತ್ತಕ್ಕೆ ಇಳಿದವು. ಮಾಸ್ತರರು ಕಣ್ಣು ಮುಚ್ಚಿದರು. ಅವಳು ರೈಫಲ್ಲನ್ನು ಸ್ಟ್ಯಾಂಡಿಗೆ ಇಳಿಸಿ, ಕಾಲು ಒಮ್ಮೆ ಬಿಟ್ಟು ಮತ್ತೆ ಊರಿ, ಒಂದು ನಿಮಿಷದಷ್ಟು ಸುಮ್ಮನೆ ನಿಂತಳು. ಐದನೆಯದು ಮೊದಲನೆಯದಕ್ಕೆ ಸಮ ಬಂತು. ಆರನೆಯದು ಆ ದಿನದ ಅವಳ ಎಲ್ಲ ಸರಣಿಗಳಿಗಿಂತ ಹೆಚ್ಚು. ಅರ್ಹತಾ ಅಂಕದ ಮೇಲೆ ಒಂದೂವರೆ ಚಿಲ್ಲರೆ. ಮಾಸ್ತರರು ಎದ್ದು, ಕುಕನೂರಿನ ಅವಳ ತಂದೆಗೆ ಫೋನು ಹಚ್ಚಿದರು.

ಅವಳು ಜಾಕೆಟ್ಟಿನ ಗುಂಡಿ ಬಿಚ್ಚುತ್ತಾ ಬಂದಳು. ನಾನು ಆಗಲೇ ನಾಲ್ಕನೆಯ ಸರಣಿಯ ಹಾಳೆ ಹಿಡಿದುಕೊಂಡಿದ್ದೆ. ಆ ಎರಡು ಗುಂಡೂ ಒಂದೇ ಬದಿಗೆ ಸರಿದಿವೆ, ಭುಜದ ಪಟ್ಟಿ ಎರಡು ಮಿಲಿಮೀಟರ್ ಮೇಲೆ ಏರಬೇಕು, ರಾಷ್ಟ್ರೀಯ ಸುತ್ತಿಗೆ ಮುಂಚೆ ಇವತ್ತೇ ಗುರುತು ಮಾಡಿಡೋಣ ಎಂದು ಶುರುಮಾಡಿದೆ. ಸ್ಕ್ರೂ ತಿರುಗಿಸುವ ಕೀಲಿಯೂ ಕೈಯಲ್ಲಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ರೈಫಲ್ಲನ್ನು ನನ್ನ ಕೈಗೆ ಸಿಗದಂತೆ ತನ್ನ ಎಡಬದಿಗೆ ಸರಿಸಿಕೊಂಡಳು.

"ಪಟ್ಟಿ ಸರಿ ಐತ್ರಿ ಮೇಡಂ. ಆ ಎರಡೂ ಹೊತ್ತಿನ್ಯಾಗ ಬಾಜೂ ಲೇನಿನಾಕಿ ಅಳಾಕತ್ತಿದ್ಳು, ಆಕಿ ಮಾರಿ ನನಗ ಕಾಣತಿತ್ತು. ಬಂದೂಕಕ್ಕ ಏನೂ ಮಾಡಬ್ಯಾಡ್ರಿ."

ನಾನು ಕೀಲಿಯನ್ನು ಪೆಟ್ಟಿಗೆಗೆ ಹಾಕಿ, ಪುಸ್ತಕದಲ್ಲಿ ನಾಲ್ಕನೆಯ ಸರಣಿಯ ಎದುರು ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ.